ನೀಲಿ ಚೀಟಿಯ ಪೆಟ್ಟಿಗೆ

2024ರ ಫೆಬ್ರವರಿಯ ಒಂದು ಶನಿವಾರ ಲ್ಯಾಬಿನ ಗೆಳತಿ ಫೋನ್ ಮಾಡಿ, "ಮಧ್ಯಾಹ್ನ ಬಿಡುವಿದೆಯಾ? ಒಂದು ಅಂಗಡಿಗೆ ಹೋಗಬೇಕು, ಒಬ್ಬಳೇ ಹೋಗೋಕೆ ಮನಸ್ಸಿಲ್ಲ" ಎಂದಳು. ಚಳಿಗಾಲದ ಬೂಟೋ, ಹಳೆಯ ಸೋಫಾವೋ ಇರಬೇಕು ಅಂದುಕೊಂಡು ಹೂಂ ಅಂದೆ. ಕಾರು ಹತ್ತಿದ ಮೇಲೆ ಹೇಳಿದಳು: ಪಿಸ್ತೂಲು.

ನಾವಿಬ್ಬರೂ ಒಹಾಯೊ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇವೆ. ನನ್ನದು ಅಂತರ್ಜಲದ ವಯಸ್ಸು ಕಂಡುಹಿಡಿಯುವ ಕೆಲಸ. ಅವಳದು ಅದೇ ಬಾವಿಗಳ ನೈಟ್ರೇಟಿನ ಲೆಕ್ಕ. ನಾಲ್ಕು ವರ್ಷದಿಂದ ಒಂದೇ ವ್ಯಾನಿನಲ್ಲಿ ಜೋಳದ ಹೊಲಗಳ ನಡುವೆ ಸುತ್ತಿ, ಬಾಟಲಿಗಳಲ್ಲಿ ನೀರು ತುಂಬಿಸಿಕೊಂಡು ಬರುವವರು. ಹಿಂದಿನ ನವೆಂಬರಿನಲ್ಲಿ ಅವಳು ಬಾಡಿಗೆ ಕಡಿಮೆ ಎಂದು ಊರ ಹೊರಗೆ ಒಂಟಿ ಮನೆಯೊಂದನ್ನು ಹಿಡಿದಿದ್ದಳು. ಜನವರಿಯ ಒಂದು ರಾತ್ರಿ ಯಾರೋ ಹಿಂಬಾಗಿಲ ಹಿಡಿಕೆ ತಿರುಗಿಸಿ ನೋಡಿ ಹೋಗಿದ್ದರು. ಬೆಳಿಗ್ಗೆ ಹಿಮದ ಮೇಲೆ ಹೆಜ್ಜೆ ಗುರುತಿತ್ತು. ಅಷ್ಟೇ ಆದದ್ದು. ಆದರೆ ಅಂದಿನಿಂದ ಅವಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ದಾರಿಯುದ್ದಕ್ಕೂ ಅವಳು ದುಡ್ಡಿನ ಲೆಕ್ಕ ಹೇಳುತ್ತಿದ್ದಳು. ಸಂಶೋಧನಾ ಭತ್ಯೆಯಲ್ಲಿ ಬದುಕುವವರಿಗೆ ಐನೂರು ಡಾಲರ್ ಎಂದರೆ ತಿಂಗಳ ಬಾಡಿಗೆಯ ಮುಕ್ಕಾಲು. ಅವಳ ದೊಡ್ಡಪ್ಪನ ಮಗ ಪಕ್ಕದ ಕೌಂಟಿಯಲ್ಲಿ ಷೆರಿಫನ ಡೆಪ್ಯುಟಿ. ಅವನೇ ಒಂದು ಉಪಾಯ ಹೇಳಿದ್ದನಂತೆ. ಗ್ಲಾಕ್ ಕಂಪನಿ ಪೊಲೀಸರಿಗೆ, ಸೈನಿಕರಿಗೆ ಮತ್ತು ಅಂಥದೇ ಕೆಲಸದಲ್ಲಿರುವವರಿಗೆ ರಿಯಾಯಿತಿ ದರದಲ್ಲಿ ಪಿಸ್ತೂಲು ಮಾರುತ್ತದೆ. ಪೆಟ್ಟಿಗೆಯ ತುದಿಗೆ ಅಂಟಿಸಿದ ಚೀಟಿ ನೀಲಿ ಬಣ್ಣದ್ದು, ಅದಕ್ಕೇ ಆ ಯೋಜನೆಗೆ 'ಬ್ಲೂ ಲೇಬಲ್' ಎಂದು ಹೆಸರು. ಒಳಗಿರುವ ಪಿಸ್ತೂಲು ಎಲ್ಲರಿಗೂ ಸಿಗುವಂಥದ್ದೇ. ಬೆಲೆ ಮಾತ್ರ ಸುಮಾರು ನೂರು ಡಾಲರ್ ಕಡಿಮೆ, ಜೊತೆಗೆ ಗುಂಡು ತುಂಬುವ ಮ್ಯಾಗಜೀನು ಒಂದು ಹೆಚ್ಚು. "ನೀನು ದುಡ್ಡು ಕೊಡು, ನನ್ನ ಗುರುತಿನ ಚೀಟಿ ತೋರಿಸಿ ನಾನು ಕೊಂಡು ನಿನಗೆ ಕೊಡ್ತೀನಿ" ಎಂದಿದ್ದನಂತೆ ಅವನು. ನನಗೆ ಅದರಲ್ಲೇನೂ ತಪ್ಪು ಕಾಣಲಿಲ್ಲ. ನಮ್ಮೂರಿನಲ್ಲಿ ಮಿಲಿಟರಿ ಕ್ಯಾಂಟೀನಿನಿಂದ ಯಾರದೋ ಕಾರ್ಡಿನಲ್ಲಿ ಯಾರೋ ಕುಕ್ಕರ್ ತರಿಸಿದ ಹಾಗೆ ಎಂದುಕೊಂಡೆ.

ಅಂಗಡಿ ಹೆದ್ದಾರಿ ಪಕ್ಕದಲ್ಲಿತ್ತು. ಒಂದು ಕಡೆ ಟೈರಿನ ಅಂಗಡಿ, ಇನ್ನೊಂದು ಕಡೆ ಪಿಜ್ಜಾದ್ದು. ಒಳಗೆ ಕಾಲಿಟ್ಟಾಗ ಬಂದ ಎಣ್ಣೆ ವಾಸನೆಗೆ ನನಗೆ ಒಮ್ಮೆಲೇ ಅಜ್ಜನ ನೆನಪಾಯಿತು. ಸಾಗರದ ಕಡೆಯ ನಮ್ಮ ಮನೆಯಲ್ಲಿ ಒಂದು ಒಂಟಿ ನಳಿಗೆಯ ಕೋವಿ ಇತ್ತು, ಬೆಳೆ ರಕ್ಷಣೆಯ ಪರವಾನಗಿಯದ್ದು. ಮಳೆಗಾಲ ಮುಗಿದ ಮೇಲೆ ಅಜ್ಜ ಜಗುಲಿಯಲ್ಲಿ ಕೂತು ಅದಕ್ಕೆ ಎಣ್ಣೆ ಒರೆಸುತ್ತಿದ್ದ ವಾಸನೆ ಇದೇ.

ಕೌಂಟರಿನ ಹಿಂದೆ ಅರವತ್ತು ದಾಟಿದ ಒಬ್ಬರಿದ್ದರು. ಗೆಳತಿ ಮುಚ್ಚುಮರೆಯಿಲ್ಲದೆ ಅಣ್ಣನ ಉಪಾಯವನ್ನು ಹೇಳಿದಳು. ಅವರು ಕೈ ಎತ್ತಿ ಅವಳ ಮಾತನ್ನು ತಡೆದರು. "ಇದನ್ನು ನೀನು ನನಗೆ ಹೇಳಬಾರದಿತ್ತು. ಇನ್ನು ನಿನ್ನ ಅಣ್ಣ ಬಂದರೆ ನಾನು ಅವನಿಗೆ ಮಾರೋ ಹಾಗಿಲ್ಲ." ಆಮೇಲೆ ಒಂದು ಫಾರಮ್ಮನ್ನು ಎಳೆದು ನಮ್ಮೆದುರಿಗಿಟ್ಟರು. 4473 ಎಂದು ಅದರ ಸಂಖ್ಯೆ. ಪರವಾನಗಿ ಇರುವ ಅಂಗಡಿಯಿಂದ ಬಂದೂಕು ಕೊಳ್ಳುವ ಪ್ರತಿಯೊಬ್ಬರೂ ತುಂಬಬೇಕಾದದ್ದು. ಅದರಲ್ಲಿ ಒಂದು ಪ್ರಶ್ನೆ: ಈ ಬಂದೂಕಿನ ನಿಜವಾದ ಖರೀದಿದಾರ ನೀನೇ ಹೌದೇ?

ಅವರು ಮೇಷ್ಟ್ರ ಹಾಗೆ ಬಿಡಿಸಿ ಹೇಳಿದರು. ಅಣ್ಣ ತನಗಾಗಿ ಕೊಳ್ಳಬಹುದು. ತನ್ನದೇ ದುಡ್ಡಿನಲ್ಲಿ ಕೊಂಡು ನಿನಗೆ ಉಡುಗೊರೆ ಕೊಡಬಹುದು. ನಾಲ್ಕು ವರ್ಷ ತಾನು ಬಳಸಿ, ಬೇಡವಾದ ಮೇಲೆ ನಿನಗೆ ಮಾರಬಹುದು. ಆದರೆ ಇವತ್ತು ನಿನ್ನ ದುಡ್ಡು ಅವನ ಜೇಬಿಗೆ ಹೋಗಿ, ನಿನಗಾಗಿ ಅವನು ಸಹಿ ಹಾಕಿದರೆ ಆ ಸಹಿ ಸುಳ್ಳು. "ಇದೇ ನೂರು ಡಾಲರಿನ ಆಸೆಗೆ ಒಬ್ಬ ಮಾಜಿ ಪೊಲೀಸ್ ಸುಪ್ರೀಂ ಕೋರ್ಟಿನ ತನಕ ಹೋಗಿ ಸೋತ, ಗೊತ್ತಾ?"

ಆ ರಾತ್ರಿಯೇ ತೀರ್ಪನ್ನು ಹುಡುಕಿ ಓದಿದೆ. ಅಬ್ರಾಮ್‌ಸ್ಕಿ ವರ್ಸಸ್ ಯುನೈಟೆಡ್ ಸ್ಟೇಟ್ಸ್, 2014ರ ಜೂನ್. ವರ್ಜೀನಿಯಾದ ಒಬ್ಬ ಮಾಜಿ ಪೊಲೀಸ್ ಅಧಿಕಾರಿ 2009ರಲ್ಲಿ ಪೆನ್ಸಿಲ್ವೇನಿಯಾದಲ್ಲಿದ್ದ ತನ್ನ ಮಾವನಿಗಾಗಿ ಗ್ಲಾಕ್ 19 ಕೊಂಡಿದ್ದ. ಪೊಲೀಸ್ ರಿಯಾಯಿತಿ ಸಿಗುತ್ತದೆ ಎಂಬುದೇ ಕಾರಣ. ಮಾವ 400 ಡಾಲರಿನ ಚೆಕ್ ಕಳಿಸಿದ್ದರು, ಯಾತಕ್ಕೆಂದು ಚೆಕ್ಕಿನ ಮೇಲೆ ಬರೆದೂ ಇದ್ದರು. ಈ ಕಥೆಯಲ್ಲಿ ಕಳ್ಳರಿಲ್ಲ. ಮಾವನಿಗೆ ಬಂದೂಕು ಇಟ್ಟುಕೊಳ್ಳುವ ಹಕ್ಕಿತ್ತು. ಪಿಸ್ತೂಲು ಅವರ ಕೈಸೇರಿದ್ದೂ ಇನ್ನೊಂದು ಪರವಾನಗಿ ಅಂಗಡಿಯ ಮೂಲಕವೇ. ಆದರೂ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು, ಖರೀದಿದಾರ ಯಾರೆಂದು ಸುಳ್ಳು ಹೇಳಿದ್ದೇ ಅಪರಾಧ ಎಂದರು. ತೀರ್ಪು ಬರೆದವರು ನ್ಯಾಯಮೂರ್ತಿ ಎಲೆನಾ ಕೇಗನ್. ಕಾನೂನು ನೋಡಬೇಕಾದದ್ದು ಕೌಂಟರಿನಲ್ಲಿ ಸಹಿ ಹಾಕುವ ಕೈಯನ್ನಲ್ಲ, ಬಂದೂಕು ನಿಜವಾಗಿ ಹೋಗಿ ಸೇರುವ ಕೈಯನ್ನು ಎಂಬುದು ಆ ವಾದದ ಸಾರ. ನಾಲ್ವರು ಒಪ್ಪಲಿಲ್ಲ. ನಾನು ಅವತ್ತು ಎರಡೂ ಕಡೆಯ ವಾದ ಓದಿ, ಎರಡಕ್ಕೂ ತಲೆದೂಗಿದೆ.

ಅಂಗಡಿಯಲ್ಲಿ ಗೆಳತಿಯ ಮುಖ ಇಳಿದದ್ದನ್ನು ನೋಡಿ ಅವರು ಗಾಜಿನ ಕಪಾಟಿನ ಇನ್ನೊಂದು ತುದಿಗೆ ಕರೆದುಕೊಂಡು ಹೋದರು. ಅದು ಸೆಕೆಂಡ್ ಹ್ಯಾಂಡ್ ಸಾಲು. ಅರ್ಧಕ್ಕರ್ಧ ಪಿಸ್ತೂಲುಗಳ ಚೀಟಿಯ ಮೇಲೆ 'ಪೊಲೀಸ್ ಟ್ರೇಡ್-ಇನ್' ಎಂದಿತ್ತು. ಹೊಸ ಪಿಸ್ತೂಲು ತರಿಸುವಾಗ ಪೊಲೀಸ್ ಇಲಾಖೆಗಳು ಹಳೆಯದನ್ನು ವ್ಯಾಪಾರಿಗೆ ಕೊಟ್ಟು ಅಷ್ಟು ಬೆಲೆ ಇಳಿಸಿಕೊಳ್ಳುತ್ತವೆ. ಹೀಗೆ ಬಂದವುಗಳಲ್ಲಿ ಪಾಯಿಂಟ್ 40 ಗಾತ್ರದ ಗುಂಡಿನವೇ ಹೆಚ್ಚು. ಅದಕ್ಕೊಂದು ಚರಿತ್ರೆಯಿದೆ. 1986ರ ಏಪ್ರಿಲಿನಲ್ಲಿ ಮಯಾಮಿಯಲ್ಲಿ ಇಬ್ಬರು ದರೋಡೆಕೋರರ ಜೊತೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಸತ್ತು ಐವರು ಗಾಯಗೊಂಡರು. ನಮ್ಮ ಗುಂಡಿಗೆ ಶಕ್ತಿ ಸಾಲದು ಎಂಬ ಚರ್ಚೆ ಶುರುವಾಗಿ, 1990ರಲ್ಲಿ ಪಾಯಿಂಟ್ 40 ಬಂತು. ದೇಶದ ಇಲಾಖೆಗಳು ಸಾಲುಗಟ್ಟಿ ಅದಕ್ಕೆ ಬದಲಾದವು. 2010ರ ದಶಕದ ನಡುವೆ, 9 ಎಂಎಂ ಗುಂಡುಗಳೇ ಈಗ ಸುಧಾರಿಸಿವೆ, ಹಿಂದೊದೆತವೂ ಕಡಿಮೆ ಎಂದು ಎಫ್‌ಬಿಐ ಹಿಂದಕ್ಕೆ ಹೊರಳಿತು. ಇಲಾಖೆಗಳು ಮತ್ತೆ ಹಿಂಬಾಲಿಸಿದವು. ಒಂದು ಸಂಸ್ಥೆ ಎರಡು ಸಲ ಮನಸ್ಸು ಬದಲಿಸಿದ್ದರ ಶಿಲ್ಕು ಈ ಕಪಾಟಿನಲ್ಲಿ ಮಲಗಿತ್ತು. ಕೆಲವುಗಳ ಮೇಲೆ ಇಲಾಖೆಯ ಹೆಸರು ಉಜ್ಜಿ ಅಳಿಸಿದ ಗುರುತಿತ್ತು.

"ಹೊತ್ತದ್ದು ಜಾಸ್ತಿ, ಹೊಡೆದದ್ದು ಕಡಿಮೆ" ಎಂದರು ಅವರು. ಪೊಲೀಸ್ ಪಿಸ್ತೂಲಿನ ಬಗ್ಗೆ ಇಲ್ಲಿ ಎಲ್ಲರೂ ಹೇಳುವ ಮಾತದು. ಒರೆಗೆ ಉಜ್ಜಿ ಹೊರಮೈ ಬೆಳ್ಳಗಾಗಿರುತ್ತದೆ, ಒಳಗೆ ಸವೆದಿರುವುದಿಲ್ಲ. 2017ರ ಪ್ಯೂ ಸಮೀಕ್ಷೆಯಲ್ಲಿ, ಅಭ್ಯಾಸ ಬಿಟ್ಟು ಕರ್ತವ್ಯದ ವೇಳೆ ಒಮ್ಮೆಯಾದರೂ ಗುಂಡು ಹಾರಿಸಿದ್ದೇವೆ ಎಂದ ಪೊಲೀಸರು 27 ಪ್ರತಿಶತ ಮಾತ್ರ.

ಗೆಳತಿಯ ಕಣ್ಣು ಬಿದ್ದದ್ದು ಆ ಸಾಲಿನ ಪಕ್ಕದಲ್ಲಿ ಪೆಟ್ಟಿಗೆಯ ಸಮೇತ ಇಟ್ಟಿದ್ದ ಒಂದು ಗ್ಲಾಕ್ 19ರ ಮೇಲೆ. ಪೆಟ್ಟಿಗೆಯ ತುದಿಯಲ್ಲಿ ನೀಲಿ ಚೀಟಿ. ಯಾರೋ ಅಧಿಕಾರಿ ರಿಯಾಯಿತಿಯಲ್ಲಿ ತನಗಾಗಿ ಕೊಂಡು, ವರ್ಷಗಳ ನಂತರ ಇದೇ ಅಂಗಡಿಗೆ ಮಾರಿದ್ದು. "ಇದನ್ನು ನಾನು ಕೊಳ್ಳಬಹುದಾ?" ಎಂದು ಅವಳು ಅನುಮಾನದಿಂದ ಕೇಳಿದಳು. ಧಾರಾಳವಾಗಿ ಎಂದರು ಅವರು. ರಿಯಾಯಿತಿಯ ಷರತ್ತು ಮೊದಲು ಕೊಂಡವನಿಗೆ. ಅವನು ತನಗೆಂದೇ ಕೊಂಡು ಆಮೇಲೆ ಮಾರಿದ್ದರೆ ಚೀಟಿಯ ಬಣ್ಣಕ್ಕೆ ಯಾವ ಅರ್ಥವೂ ಇಲ್ಲ. ಬೆಲೆ 380 ಡಾಲರ್. ಅಣ್ಣನ ಕೈಯಲ್ಲಿ ಸುಳ್ಳು ಸಹಿ ಹಾಕಿಸಿದ್ದರೂ ಹೆಚ್ಚುಕಡಿಮೆ ಇಷ್ಟೇ ಆಗುತ್ತಿತ್ತು.

ಪೆಟ್ಟಿಗೆಯೊಳಗೆ ಒಂದು ಪುಟ್ಟ ಲಕೋಟೆಯಿತ್ತು. ಕಾರ್ಖಾನೆಯಲ್ಲಿ ಪರೀಕ್ಷೆಗೆ ಹೊಡೆದ ಗುಂಡುಗಳ ಎರಡು ಖಾಲಿ ಕೋಶಗಳು, ಮೇಲೆ ಪರೀಕ್ಷೆಯ ತಾರೀಖು: 2012. ಅವರು ಅಂಗೈಯಿಂದ ಬೆಳಕನ್ನು ಮರೆ ಮಾಡಿ ಪಿಸ್ತೂಲಿನ ಗುರಿಯ ಚುಕ್ಕೆಗಳನ್ನು ತೋರಿಸಿದರು. ಮಂಕು ಹಸಿರು. "ಟ್ರಿಟಿಯಂ. ಸ್ವಲ್ಪ ಮಂಕಾಗಿದೆ, ಅಷ್ಟೇ."

ನನಗೆ ನಗು ಬಂತು. ಟ್ರಿಟಿಯಂ ನನ್ನ ಅನ್ನ. 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಅದು ಮಳೆನೀರಿಗೆ ಸೇರಿ ನೆಲಕ್ಕಿಳಿದಿದೆ. ಬಾವಿಯ ನೀರಿನಲ್ಲಿ ಅದು ಎಷ್ಟು ಉಳಿದಿದೆ ಎಂದು ಅಳೆದು, ಆ ನೀರು ಯಾವ ಕಾಲದ ಮಳೆ ಎಂದು ಅಂದಾಜು ಮಾಡುವುದೇ ನನ್ನ ಪ್ರಬಂಧ. 12.3 ವರ್ಷಕ್ಕೆ ಅದು ಅರ್ಧವಾಗುತ್ತದೆ. 2012ರಿಂದ 2024. ಆ ಚುಕ್ಕೆಗಳಲ್ಲಿ ತುಂಬಿದ ಟ್ರಿಟಿಯಂ ಈಗ ಹತ್ತಿರ ಹತ್ತಿರ ಅರ್ಧ. ಪಿಸ್ತೂಲಿನ ವಯಸ್ಸನ್ನು ನಾನು ಲಕೋಟೆ ನೋಡದೆಯೂ ಹೇಳಬಲ್ಲೆನಾಗಿದ್ದೆ. ಆದರೆ ಈ 12 ವರ್ಷ ಅದು ಯಾರ ಸೊಂಟದಲ್ಲಿತ್ತು, ಯಾವ ಮನೆಯ ಡ್ರಾಯರಿನಲ್ಲಿತ್ತು, ಯಾಕೆ ಬೇಡವಾಯಿತು ಎಂಬುದನ್ನು ಹೇಳುವ ಐಸೊಟೋಪು ಯಾವುದೂ ಇಲ್ಲ.

ಚುಕ್ಕೆಗಳನ್ನು ಹತ್ತಿರದಿಂದ ನೋಡಲು ನಾನು ಕೈ ಚಾಚಿದೆ. "ನೀನು ಯಾವ ವೀಸಾದಲ್ಲಿದ್ದೀಯ?" ಎಂದು ಕೇಳಿದರು. ವಿದ್ಯಾರ್ಥಿ ವೀಸಾ ಎಂದೆ. ಅವರು ಪಿಸ್ತೂಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ ನನ್ನಂಥವರು ಇಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ, ಹಿಡಿಯದಿರುವುದೇ ಒಳ್ಳೆಯದು. ಕೈ ಹಿಂದಕ್ಕೆ ತೆಗೆದುಕೊಂಡೆ.

ಗೆಳತಿ ಫಾರಂ ತುಂಬುತ್ತಿದ್ದಳು. ಕೌಂಟರಿನ ಮೇಲೆ 988 ಎಂದು ಬರೆದ ಚಿಕ್ಕ ಕಾರ್ಡುಗಳ ಕಟ್ಟಿತ್ತು. ಸಾಯಬೇಕೆನಿಸಿದವರು ಕರೆ ಮಾಡಬಹುದಾದ ಸಂಖ್ಯೆ. ಈ ದೇಶದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವೇ ಹೊಡೆದುಕೊಂಡವರು. ತಿಂಗಳಿಂದ ನಿದ್ದೆಗೆಟ್ಟ, ಒಬ್ಬಳೇ ಇರುವ ಗೆಳತಿ ಪಕ್ಕದಲ್ಲೇ ಕೂತು ವಿಳಾಸ ಬರೆಯುತ್ತಿದ್ದಾಳೆ. ನನಗೆ ಏನೋ ಹೇಳಬೇಕೆನಿಸಿತು. ಹಿಂಬಾಗಿಲ ಬೀಗ ಸರಿಯಿಲ್ಲ ಎಂದಿದ್ದಳಲ್ಲ, ಮೊದಲು ಅದನ್ನು ಬದಲಿಸೋಣ ಎನ್ನಬಹುದಿತ್ತು. ಕೆಲವು ದಿನ ನನ್ನ ರೂಮಿಗೆ ಬಾ ಎನ್ನಬಹುದಿತ್ತು. ಇದು ಅವರ ದೇಶ, ಅವಳ ಭಯ, ಮುಟ್ಟಲೂ ಅಧಿಕಾರವಿಲ್ಲದ ನಾನ್ಯಾರು ಬುದ್ಧಿ ಹೇಳಲು ಎಂದುಕೊಂಡು ಸುಮ್ಮನಿದ್ದೆ. ಹಿನ್ನೆಲೆ ತಪಾಸಣೆಯ ಉತ್ತರ ಕೆಲವೇ ನಿಮಿಷಗಳಲ್ಲಿ ಬಂತು. ಕಾರಿನಲ್ಲಿ ಅವಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, "ಪೊಲೀಸ್ ಒಬ್ಬರು ನಂಬಿದ್ದು ಅಂದರೆ ಏನೋ ಧೈರ್ಯ" ಎಂದಳು.

ಆ ಮಾತು ನನ್ನಲ್ಲಿ ಬಹಳ ದಿನ ಉಳಿಯಿತು. ಕಂಪನಿ ರಿಯಾಯಿತಿ ಕೊಟ್ಟದ್ದು ಅವನು ತೊಟ್ಟ ಸಮವಸ್ತ್ರಕ್ಕೆ, ಪಡೆದ ತರಬೇತಿಗೆ, ಗುಂಡು ಹಾರಿಸಿದರೆ ಮೇಲಿನವರಿಗೆ ಲೆಕ್ಕ ಒಪ್ಪಿಸಬೇಕಾದ ಹೊಣೆಗೆ. ಪಿಸ್ತೂಲು ಅವಳ ತೊಡೆಗೆ ಬರುವಾಗ ಆ ಮೂರೂ ಹಿಂದೆಯೇ ಉಳಿದವು. ಬಂದದ್ದು ಕಡಿಮೆ ಬೆಲೆ ಮತ್ತು ಒಂದು ನೀಲಿ ಚೀಟಿ.

ಮಾರ್ಚಿಯಲ್ಲಿ ಅಪ್ಪನ ಫೋನ್ ಬಂತು. ಅಜ್ಜ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಕೋವಿ ಅಂದಿನಿಂದ ಠಾಣೆಯಲ್ಲಿತ್ತು. "ಲೋಕಸಭೆ ಚುನಾವಣೆ ಬಂತಲ್ಲ, ಎಲ್ಲರೂ ಕೋವಿ ಹೊತ್ತುಕೊಂಡು ಠಾಣೆಗೆ ಓಡ್ತಾ ಇದಾರೆ. ನಮಗೆ ಆ ಕೆಲಸ ಇಲ್ಲ, ನಮ್ಮದು ಆಗಲೇ ಅಲ್ಲೇ ಇದೆ" ಎಂದು ನಕ್ಕರು. ಆಮೇಲೆ ವಿಷಯಕ್ಕೆ ಬಂದರು. ವಾರಸುದಾರರು ಪರವಾನಗಿ ಕೇಳಬಹುದು, 2016ರ ಆಯುಧ ನಿಯಮಗಳಲ್ಲಿ ಅದಕ್ಕೆ ಅವಕಾಶವಿದೆ. "ನನಗಂತೂ ಬೇಡ. ನಿನ್ನ ಹೆಸರಿಗೆ ಮಾಡಿಸೋದಾ, ಒಪ್ಪಿಸಿಬಿಡೋದಾ?" ಯೋಚಿಸಿ ಹೇಳ್ತೀನಿ ಎಂದೆ.

ಪ್ರತಿ ಚುನಾವಣೆಗೂ ಅಜ್ಜ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಠಾಣೆಗೆ ಒಯ್ಯುತ್ತಿದ್ದ. ಅವಮಾನವೆನ್ನುವಂತೆ ಗೊಣಗುತ್ತಿದ್ದ. "ನಾನೇನು ಮತ ಹಾಕೋಕೆ ಬಂದವರಿಗೆ ಹೊಡೀತೀನಾ?" ಫಲಿತಾಂಶ ಬಂದ ಮೇಲೆ ಹೋಗಿ ತರುತ್ತಿದ್ದ. ಕಾಡುಹಂದಿಗಿಂತ ಮಂಗಗಳ ಕಡೆಗೆ ಅದು ಸದ್ದು ಮಾಡಿದ್ದೇ ಹೆಚ್ಚು. ಅಜ್ಜನ ಪರವಾನಗಿ ಪುಸ್ತಕದಲ್ಲಿ ಕೋವಿಯ ಸಂಖ್ಯೆ, ಅಜ್ಜನ ಹೆಸರು, ಒಂದಾದ ಮೇಲೊಂದು ನವೀಕರಣದ ಮುದ್ರೆ. ನನಗೆ ಚಿಕ್ಕಂದಿನಲ್ಲಿ ಅದೊಂದು ಕಿರಿಕಿರಿಯ ಸರ್ಕಾರಿ ಪುಸ್ತಕವಾಗಿ ಕಂಡಿತ್ತು. ಒಹಾಯೊದಲ್ಲಿ ಕೂತು ನೆನೆಯುವಾಗ ಅದು ಕೋವಿಯ ಜಾತಕದಂತೆ ಕಂಡಿತು.

ಇಲ್ಲಿ ಅಂಥ ಪುಸ್ತಕವಿಲ್ಲ. ಬಂದೂಕಿನ ಒಡೆಯರ ರಾಷ್ಟ್ರಮಟ್ಟದ ನೋಂದಣಿಯನ್ನು 1986ರ ಒಂದು ಕಾನೂನೇ ನಿಷೇಧಿಸಿದೆ. ಎಲ್ಲಾದರೂ ಅಪರಾಧದಲ್ಲಿ ಪಿಸ್ತೂಲು ಸಿಕ್ಕರೆ, ಅದರ ಸಂಖ್ಯೆ ಹಿಡಿದು ತಯಾರಕರಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಅಂಗಡಿಗೆ, ಅಲ್ಲಿಂದ ಮೊದಲ ಖರೀದಿದಾರನಿಗೆ ಒಬ್ಬೊಬ್ಬರನ್ನೇ ಕೇಳುತ್ತಾ ಹೋಗಬೇಕು. ಆಮೇಲೆ ಅವನು ಯಾರಿಗೆ ಕೊಟ್ಟ ಎಂಬುದು ಅವನ ನೆನಪಿಗೆ ಬಿಟ್ಟದ್ದು. ಒಹಾಯೊದಲ್ಲಿ ಇಬ್ಬರು ಖಾಸಗಿಯಾಗಿ ಕೊಟ್ಟು ತೆಗೆದುಕೊಂಡರೆ ಫಾರಮ್ಮೂ ಇಲ್ಲ, ತಪಾಸಣೆಯೂ ಇಲ್ಲ.

ಮೇ ತಿಂಗಳಲ್ಲಿ ಗೆಳತಿ ನನಗೊಂದು ವರದಿ ಕಳಿಸಿದಳು. ದಿ ಟ್ರೇಸ್, ರಿವೀಲ್ ಮತ್ತು ಸಿಬಿಎಸ್ ನ್ಯೂಸ್ ಸೇರಿ ಮಾಡಿದ ತನಿಖೆ. ಒಂದು ಕಾಲದಲ್ಲಿ ಪೊಲೀಸ್ ಇಲಾಖೆಗಳ ಒಡೆತನದಲ್ಲಿದ್ದ ಬಂದೂಕುಗಳಲ್ಲಿ 52,000ಕ್ಕೂ ಹೆಚ್ಚು 2006ರಿಂದ ಈಚೆಗೆ ಅಪರಾಧದ ಜಾಗಗಳಲ್ಲಿ ಸಿಕ್ಕಿವೆ ಎಂದು ಸರ್ಕಾರದ ದಾಖಲೆಗಳಿಂದಲೇ ಅದು ಹೇಳಿತ್ತು. ನಾವು ನೋಡಿದ ಆ ಗಾಜಿನ ಕಪಾಟಿನಂಥವುಗಳಿಂದ ಹೊರಟವೂ ಅದರಲ್ಲಿದ್ದವು. ವರದಿಯ ಕೆಳಗೆ ಅವಳು ಒಂದೇ ಸಾಲು ಬರೆದಿದ್ದಳು: "ನನಗೆ ಇದನ್ನು ಮಾರಬೇಕು."

ಜೂನಿನ ಮೊದಲ ವಾರ ಮತ್ತೆ ಅದೇ ದಾರಿಯಲ್ಲಿ ಹೋದೆವು. ವರದಿ ನೆಪ ಮಾತ್ರ ಎಂದು ಅವಳು ಕಾರಿನಲ್ಲಿ ಹೇಳಿದಳು. ರಾತ್ರಿ ಎಚ್ಚರವಾದಾಗ ಮೊದಲೆಲ್ಲ ಹಿಂಬಾಗಿಲ ಕಡೆ ನೋಡುತ್ತಿದ್ದಳಂತೆ. ಈಚೆಗೆ ಬಾಗಿಲಿಗಿಂತ ಡ್ರಾಯರಿನ ಕಡೆ ನೋಡುವುದು ಹೆಚ್ಚಾಗಿತ್ತು. "ಅವತ್ತು ಅಂಗಡಿಯಲ್ಲಿ ನೀನು ಏನೋ ಹೇಳೋಕೆ ಬಂದು ಸುಮ್ಮನಾದೆ ಅಲ್ವಾ?" ಹೌದು ಎಂದೆ. "ಹೇಳಬಹುದಿತ್ತು" ಎಂದಳು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಾರುವುದೂ ಸರಿಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಪೊಲೀಸರಿಗೆ ಒಪ್ಪಿಸಿ ನಾಶ ಮಾಡಿಸಲು ಕೇಳಬಹುದಿತ್ತು, ಒಂದು ಡಾಲರೂ ಸಿಗುತ್ತಿರಲಿಲ್ಲ. ಅವಳಿಗೆ ಆ ತಿಂಗಳ ಕಾರಿನ ವಿಮೆ ಕಟ್ಟಬೇಕಿತ್ತು. ಅಂಗಡಿಯವರು 250 ಕೊಟ್ಟರು. ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಪೆಟ್ಟಿಗೆ ತೆರೆದು ಲಕೋಟೆ, ಮೂರು ಮ್ಯಾಗಜೀನು ಎಲ್ಲ ಇದೆಯೆಂದು ನೋಡಿ, ಹೊಸ ಬೆಲೆಯ ಸ್ಟಿಕ್ಕರನ್ನು ನೀಲಿ ಚೀಟಿಯ ಪಕ್ಕ ಅಂಟಿಸಿ ಅದೇ ಕಪಾಟಿನಲ್ಲಿಟ್ಟರು. 380. ಮುಂದೆ ಬರುವ ಗಿರಾಕಿಗೆ ಅದು ಮತ್ತೆ ಒಬ್ಬ ಪೊಲೀಸ್ ನಂಬಿದ ಪಿಸ್ತೂಲು. ನಡುವೆ ನಾಲ್ಕು ತಿಂಗಳು ಅದು ಒಬ್ಬ ವಿದ್ಯಾರ್ಥಿನಿಯ ಡ್ರಾಯರಿನಲ್ಲಿತ್ತು, ಅವಳು ಅದಕ್ಕೆ ಹೆದರಿದಳು ಎಂದು ಆ ಪೆಟ್ಟಿಗೆಯ ಮೇಲೆ ಎಲ್ಲೂ ಇಲ್ಲ.

ಬರುವಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಗಟ್ಟಿ ಬೀಗ, ಯಾರಾದರೂ ಹತ್ತಿರ ಬಂದರೆ ತಾನೇ ಉರಿಯುವ ಒಂದು ದೀಪ ಕೊಂಡೆವು. ಬಾಗಿಲಿಗೆ ಹೊಸ ತೂತು ಕೊರೆಯುವಾಗ ಅವಳು ಡ್ರಿಲ್ ಹಿಡಿದಳು, ನಾನು ಟಾರ್ಚ್ ಹಿಡಿದೆ. ಎರಡು ಗಂಟೆ ಬೇಕಾಯಿತು. ಅವತ್ತು ರಾತ್ರಿ ಅಲ್ಲೇ ಸೋಫಾದ ಮೇಲೆ ಮಲಗಿದೆ. ಫೆಬ್ರವರಿಯಲ್ಲೇ ಮಾಡಬಹುದಿದ್ದ ಕೆಲಸ.

ಊರಲ್ಲಿ ಬೆಳಗಾಗುವ ಹೊತ್ತಿಗೆ ಅಪ್ಪನಿಗೆ ಫೋನ್ ಮಾಡಿ, ಕೋವಿ ಒಪ್ಪಿಸಿಬಿಡಿ ಎಂದೆ. ಪುಸ್ತಕವನ್ನಾದರೂ ಇಟ್ಟುಕೊಳ್ಳಬಹುದಾ ಎಂದು ಕೇಳಿದೆ. ಅದನ್ನೂ ಕೊಡಬೇಕಾಗಬಹುದು ಎಂದರು. ಹಾಗಾದರೆ ಪ್ರತಿ ಪುಟದ ಫೋಟೊ ತೆಗೆದು ಕಳಿಸಿ, ಒಂದೂ ಬಿಡಬೇಡಿ ಎಂದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸರಿ. ಮಂಗಗಳಿಗೆ ಗೊತ್ತಾಗದಿದ್ದರೆ ಸಾಕು" ಎಂದರು.